ಎಲ್ಲಾ ಹೊಟ್ಟಿನೋವು ಗ್ಯಾಸ್ ಅಲ್ಲರೀ

ಅಲ್ಲಾ, ನಮ್ಮ ಮಂದಿಗೆ ಹೆಂಗಸರ ಹೊಟ್ಟಿನೋವು ಅಂದ್ರ ಗ್ಯಾಸ್ ಬಿಟ್ಟು ಬ್ಯಾರೆ ಹೆಸರೇ ಗೊತ್ತಿಲ್ಲೇನು? ಒಬ್ಬರು ಅಜವಾನ ತಿನ್ನು ಅಂತಾರ, ಒಬ್ಬರು ಇಂಗಿನ ಮಜ್ಜಿಗಿ ಕುಡಿ ಅಂತಾರ, ಮತ್ತೊಬ್ಬರು ಹೊಕ್ಕಳ ಸರದದ, ತಿಕ್ಕಸು ಅಂತಾರ. ಅಜವಾನ, ಇಂಗು ಸಾದಾ ಗ್ಯಾಸಿಗೆ ಇರ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕರುಳು ಸಿಕ್ಕೊಂಡಾಗೂ ಅದನ್ನೇ ಕೊಡ್ತೀನಂದ್ರ ಜಗಳಾನೇ ಸೈ.

ಹರ್ನಿಯಾ ಅಂದಕೂಡ್ಲೆ ನಮಗ ಹೊಕ್ಕಳದ ಹತ್ರ ಇಲ್ಲಾ ತೊಡಿ ಸಂದಿನ್ಯಾಗ ಬರೋ ಗಡ್ಡಿ ನೆನಪಾಗ್ತದ. ಇನ್ನೊಂದು ಹರ್ನಿಯಾ ಒಳಗಿಂದೊಳಗ ಆಗ್ತದ. ಹೊರಗ ಏನೂ ಕಾಣಂಗಿಲ್ಲ, ಕೈಗೂ ಹತ್ತಂಗಿಲ್ಲ. ಸಣ್ಣಕರುಳು ಸುಮಾರು 20 ಫೂಟ್ ಉದ್ದ. ಅದನ್ನ ಬೆನ್ನಿನ ಕಡೆ ಹಿಡದಿಟ್ಟ ತೆಳು ಪದರಿನ್ಯಾಗ, ಹುಟ್ಟಿದಾಗಿಂದ ಇಲ್ಲಾ ಆಪರೇಶನ್ ಆದಮ್ಯಾಲೆ, ಒಂದು ಕಿಂಡಿ ಉಳದಿದ್ರ ಮುಗೀತು. ಸೀರಿ ಫಾಲಿನ ಹೊಲಗಿ ಬಿಚ್ಚಿದಲ್ಲೆ ಕಾಲುಂಗರ ಸಿಕ್ಕೊಂಡಂಗ ಕರುಳು ಅದರಾಗ ಸಿಕ್ಕೊಂಡು ಬಿಡ್ತದ. ತೂಕ ಇಳಸಲಿಕ್ಕೆ ಹೊಟ್ಟಿ ಬೈಪಾಸ್ ಮಾಡಿಸ್ಕೊಂಡವರಿಗೆ ಇದರ ಭಯ ಹೆಚ್ಚು. ಕೊಬ್ಬು ಕರಗಿದಂಗ ಕಿಂಡಿ ದೊಡ್ಡದಾಗ್ತದ, ವರ್ಷಗಟ್ಟಲೆ ಆದಮ್ಯಾಲೂ ಸಿಕ್ಕೊಬಹುದು. ಅವರು ಬಸರಾದ್ರಂತೂ 'ಬಸರಿದ್ದಾಗ ಹೊಟ್ಟಿನೋವು ಇದ್ದದ್ದೇ' ಅಂತ ಬಿಡಲೇಬಾರದು.

'ಎಲ್ಲೋ ಅಪರೂಪಕ್ಕ ಆಗೋದು' ಅಂತೀರಿ. ಖರೇ, ಕರುಳು ಕಟ್ಟಿಕೊಂಡವರೊಳಗ 100ಕ್ಕ 6 ಮಂದಿಗೂ ಇದು ಕಾರಣ ಇರಂಗಿಲ್ಲ. ಹೆಚ್ಚಿನವರಿಗೆ ಸಿಜೇರಿಯನ್, ಗರ್ಭಚೀಲದಂಥಾ ಹಳೇ ಆಪರೇಶನ್ ಆದಲ್ಲೆ ಕರುಳು ಅಂಟಕೊಂಡಿರ್ತದ. ಈಗ ಹೇಳ್ರಿ, ನಮ್ಮ ಓಣ್ಯಾಗ ಹೊಟ್ಟಿ ಕೊಯ್ಯಿಸ್ಕೊಳ್ಳದ ಹೆಂಗಸರು ಎಷ್ಟು ಮಂದಿ ಇದ್ದಾರ? ಕಾರಣ ಯಾವುದರೇ ಇರ್ಲಿ, ಲಕ್ಷಣ ಒಂದೇ: ಬಿಟ್ಟು ಬಿಟ್ಟು ಹಿಂಡೋ ನೋವು, ವಾಂತಿ, ಹೊಟ್ಟಿ ಉಬ್ಬರ, ಗಾಳಿನೂ ಹೋಗಂಗಿಲ್ಲ, ಸಂಡಾಸೂ ಆಗಂಗಿಲ್ಲ. ನಾಕೂ ಕೂಡಿ ಬರ್ಲಿ ಅಂತ ಕಾಯಬ್ಯಾಡ್ರಿ. ಔಡಲೆಣ್ಣಿ, ಎನಿಮಾ, ತಿಕ್ಕೋದು ಏನೂ ಬ್ಯಾಡ. ಬಾಯಿಗೆ ಏನೂ ಹಾಕದೆ ಸರ್ಜನ್ ಇರೋ ದವಾಖಾನಿಗೆ ನಡೀರಿ.

ಅಲ್ಲೆ ಹೋಗಿ ಹಳೇ ಆಪರೇಶನ್ ಎಲ್ಲಾ ನೀವೇ ಬಾಯಿಬಿಟ್ಟು ಹೇಳ್ರಿ. ಎಕ್ಸ್‌ರೇದಾಗ ಕರುಳು ಉಬ್ಬಿದ್ದು ಕಾಣಬಹುದು, ಯಾಕ ಉಬ್ಬೇದ ಅನ್ನೋದಕ್ಕ ಸಿಟಿ ಸ್ಕ್ಯಾನ್ ಬೇಕು. ಈ ಕರುಳು ಒಮ್ಮೊಮ್ಮೆ ತಾನಾಗೇ ಹೊರಗ ಜಾರ್ತದ, ನೋವು ನಿಂತು ಬಿಡ್ತದ, ಆಗ ಸ್ಕ್ಯಾನ್ ಚೊಲೋನೇ ಬರಬಹುದು. ಹಂಗಂತ 'ಎಲ್ಲಾ ನಾಟಕ' ಅನ್ನೋ ಹಕ್ಕು ಯಾರಿಗೂ ಇಲ್ಲ. ಮತ್ತ ಮತ್ತ ನೋವು ಬಂದ್ರ ದುರ್ಬೀನ್ ಹಾಕಿ ನೋಡಬೇಕಾಗ್ತದ. ಸಿಕ್ಕ ಕರುಳು ಹೊರಗ ತಗದು ಕಿಂಡಿ ಹೊಲದು ಬಿಟ್ರ ಆತು. ತಡಾ ಆದ್ರ ಕೆಲವೇ ತಾಸಿನ್ಯಾಗ ರಕ್ತ ನಿಂತು ಕರುಳು ಸಾಯ್ತದ, ಆಮ್ಯಾಲೆ ಅಷ್ಟು ಕತ್ತರಿಸಿ ಒಗೀಬೇಕು, ಜೀವಕ್ಕೂ ಅಪಾಯ.

ಗಂಡಸರಿಗೆ ಎದಿ ಚುಚ್ಚಿದ್ರ ಅರ್ಧರಾತ್ರಿ ಗಾಡಿ ತಗೀತೀವಿ. ನಮಗ ಹೊಟ್ಟಿ ಹಿಂಡಿದ್ರ ಮಾತ್ರ ಭಾಂಡೆ ಆಗ್ಲಿ, ಬೆಳಗಾಗ್ಲಿ, ಅವರು ಬರ್ಲಿ. ಕರುಳಿಗೆ ನಮ್ಮ ಮನಿ ವ್ಯಾಳ್ಯಾ ಗೊತ್ತಿಲ್ಲರೀ. ಭಾಂಡೆ ನಾಳೆ ತಿಕ್ಕೋಣ, ಮದಲ ಗಾಡಿ ತಗಸ್ರಿ.