ಬೀಗ ಹಾಕಿದ ಮನೆಯಲ್ಲಿ ಬೆಕ್ಕಿನ ಕಾರುಬಾರು

ಊರಿಗೆ ಹೊರಟಾಗ ಬೆಕ್ಕು ಅಡ್ಡ ಬಂದರೆ ನಾವು ತಿರುಗಿ ಮನೆಯೊಳಗೆ ಬಂದು, ಐದು ನಿಮಿಷ ಕುಳಿತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡುತ್ತೇವೆ. ಅಡ್ಡ ಬಂದ ಬೆಕ್ಕಿಗೆ ಐದು ನಿಮಿಷ ಕೊಡುವ ನಾವು, ಮನೆಯಲ್ಲಿ ಬಿಟ್ಟು ಹೋಗುವ ನಮ್ಮದೇ ಬೆಕ್ಕಿಗೆ ಒಂದು ನಿಮಿಷವನ್ನೂ ಕೊಡುವುದಿಲ್ಲ. ಅಡ್ಡ ಬಂದ ಬೆಕ್ಕಿನಿಂದ ಯಾರ ಆರೋಗ್ಯವೂ ಕೆಡುವುದಿಲ್ಲ. ಬಿಟ್ಟು ಹೋದ ಬೆಕ್ಕಿನಿಂದ ಕೆಡಬಹುದು. ಈ ವಾರ ಅದರ ಬಗ್ಗೆಯೇ ನಾಲ್ಕು ಮಾತು.

ನಿಮ್ಮ ಮನೆ ಬೆಟಗೇರಿಯಲ್ಲಿದೆ ಎಂದುಕೊಳ್ಳಿ. ಮಗಳ ಕುಬಸಕ್ಕೆಂದು ಮನೆಮಂದಿಯೆಲ್ಲ ಲಕ್ಷ್ಮೇಶ್ವರದ ಬೀಗರ ಮನೆಗೆ ಹೋದಿರಿ. ಕಾರ್ಯ ಮುಗಿಯಿತು. ಸೋಮೇಶ್ವರನ ದರ್ಶನವಾಯಿತು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೂ ಹೋಗಿ, ಮುಂಡರಗಿಯ ಅಕ್ಕನ ಮನೆಯಲ್ಲಿ ಎರಡು ದಿನ ಉಳಿದು, ಮಗಳನ್ನು ಹೆರಿಗೆಗೆಂದು ತವರಿಗೆ ಕರೆದುಕೊಂಡು ಬಂದಿರಿ. ಒಟ್ಟು ಎಂಟು ದಿನ. ಬೀಗ ತೆಗೆದು ಒಳಗೆ ಕಾಲಿಟ್ಟರೆ ಏನು ಕಾಣುತ್ತದೆ?

ನೆಲವಿನ ಮೇಲಿದ್ದ ಬೆಣ್ಣೆಯ ಗಡಿಗೆ ಕೆಳಗೆ ಬಿದ್ದು ಚೂರಾಗಿದೆ. ರೊಟ್ಟಿಯ ಬುಟ್ಟಿ ಮಗುಚಿದೆ. ಮಗ್ಗದ ಹಾಸಿನ ಎಳೆಗಳು ಹರಿದಿವೆ, ಕಂಡಿಕೆಗಳು ಪಡಸಾಲೆಯ ತುಂಬ ಉರುಳಾಡಿವೆ. ಹಾಸಿಗೆಯಿಂದ ಮೂತ್ರದ ವಾಸನೆ ಬರುತ್ತಿದೆ. ಬಚ್ಚಲ ಒಲೆಯ ಬೂದಿಯನ್ನು ಕೆದರಿ ಮಲ ಮುಚ್ಚಲಾಗಿದೆ. ಅಟ್ಟದ ಮೇಲಿನ ಕೌದಿಯ ಗಂಟಿನಲ್ಲಿ ಮೂರು ಮರಿಗಳು ಕಣ್ಣು ಮುಚ್ಚಿಕೊಂಡು ಮಲಗಿವೆ. ಬೆಳಕಿಂಡಿಯಿಂದ ಇಳಿದು ಬಂದ ಬೆಕ್ಕು ಏನೂ ಆಗಿಲ್ಲವೆಂಬಂತೆ ನಿಮ್ಮ ಕಾಲಿಗೆ ಮೈ ಉಜ್ಜುತ್ತದೆ.

ಹುಡುಗರು ನಗುತ್ತಾರೆ. ಅಜ್ಜಿ ಬೈಯುತ್ತಾರೆ. ಪ್ರಯಾಣದಿಂದ ದಣಿದಿದ್ದರೂ ಬಸುರಿ ಮಗಳು ಸೆರಗು ಕಟ್ಟಿ ಕಸಬರಿಗೆ ಹಿಡಿಯುತ್ತಾಳೆ. ನನ್ನ ಆಕ್ಷೇಪ ಇಲ್ಲಿಂದಲೇ ಶುರು. ಆ ಕಸಬರಿಗೆಯನ್ನು ಆಕೆಯ ಕೈಯಿಂದ ಮೊದಲು ತೆಗೆದುಕೊಳ್ಳಿ. ಕಾರಣ ಮುಂದೆ ಹೇಳುತ್ತೇನೆ.

ಸೇಡಲ್ಲ, ಗಾಬರಿ

ಬಿಟ್ಟು ಹೋದೆವೆಂದು ಬೆಕ್ಕು ಸೇಡು ತೀರಿಸಿಕೊಂಡಿತು ಎಂದು ಅನೇಕರು ಹೇಳುತ್ತಾರೆ. ಇದು ತಪ್ಪು ಕಲ್ಪನೆ. ಬೆಕ್ಕು ಮನುಷ್ಯನಿಗಿಂತ ಹೆಚ್ಚಾಗಿ ಜಾಗಕ್ಕೂ ದಿನಚರಿಗೂ ಅಂಟಿಕೊಂಡ ಪ್ರಾಣಿ. ಊಟದ ಹೊತ್ತು ತಪ್ಪಿತು, ಮನೆಯ ಸದ್ದು ನಿಂತಿತು, ಬೆಳಕಿಂಡಿಯಲ್ಲಿ ಓಣಿಯ ಗಂಡುಬೆಕ್ಕು ಇಣುಕಿತು ಎಂದರೆ ಅದಕ್ಕೆ ಗಾಬರಿಯಾಗುತ್ತದೆ. ಗಾಬರಿಯಾದ ಬೆಕ್ಕು ತನ್ನ ಮತ್ತು ತನ್ನವರ ವಾಸನೆ ಇರುವ ಹಾಸಿಗೆಯ ಮೇಲೆಯೇ ಮೂತ್ರ ಮಾಡುತ್ತದೆ. ಕೆಲಸವಿಲ್ಲದ ಬೆಕ್ಕು ನೂಲಿನ ಉಂಡೆಯನ್ನು ಇಲಿಯೆಂದು ತಿಳಿದು ಆಡುತ್ತದೆ. ಹಸಿದ ಬೆಕ್ಕು ನೆಲವಿಗೆ ಹಾರುತ್ತದೆ. ಇವೆಲ್ಲ ಅದರ ಸ್ವಭಾವ. ಹೊಡೆದರೆ ಸುಧಾರಿಸುವುದಿಲ್ಲ, ಗಾಬರಿ ಇನ್ನಷ್ಟು ಹೆಚ್ಚುತ್ತದೆ. ಬೀಗ ಹಾಕಿದವರು ನಾವು. ಆದ್ದರಿಂದ ಚೇಷ್ಟೆಯ ಹೊಣೆಯೂ ಬಹುಪಾಲು ನಮ್ಮದೇ ಎಂಬುದು ನನ್ನ ಅಭಿಪ್ರಾಯ.

ಬಸುರಿಯರು ಏಕೆ ದೂರವಿರಬೇಕು?

ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮ ಪರೋಪಜೀವಿಯೊಂದಿದೆ. ಇಲಿಯನ್ನೋ ಹಸಿ ಮಾಂಸವನ್ನೋ ತಿಂದ ಬೆಕ್ಕಿನ ಕರುಳಿನಲ್ಲಿ ಇದು ಬೆಳೆಯುತ್ತದೆ. ಮೊದಲ ಸಲ ಸೋಂಕು ತಗಲಿದ ಬೆಕ್ಕು ಒಂದರಿಂದ ಮೂರು ವಾರಗಳವರೆಗೆ ಇದರ ಲಕ್ಷಾಂತರ ಕೋಶಗಳನ್ನು ಮಲದಲ್ಲಿ ಹೊರಹಾಕುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆಗಷ್ಟೇ ಬಿದ್ದ ಮಲದಿಂದ ಸೋಂಕು ತಗಲುವುದಿಲ್ಲ. ಆ ಕೋಶಗಳು ಪಕ್ವವಾಗಿ ಅಪಾಯಕಾರಿಯಾಗಲು ಒಂದರಿಂದ ಐದು ದಿನ ಬೇಕು. ದಿನವೂ ತೆಗೆದು ಹಾಕುವ ಮನೆಯಲ್ಲಿ ಅಪಾಯ ಕಡಿಮೆ. ಬೀಗ ಹಾಕಿ ಎಂಟು ದಿನ ಹೋದ ಮನೆಯಲ್ಲಿ ಮಾತ್ರ ಅದಕ್ಕೆ ಬೇಕಾದಷ್ಟು ಕಾಲಾವಕಾಶ ಸಿಕ್ಕಿರುತ್ತದೆ.

ಆರೋಗ್ಯವಂತರಿಗೆ ಈ ಸೋಂಕು ತಗಲಿದರೂ ಬಹುಮಟ್ಟಿಗೆ ಏನೂ ತಿಳಿಯುವುದಿಲ್ಲ. ಹೆಚ್ಚೆಂದರೆ ಒಂದಿಷ್ಟು ಜ್ವರ, ಮೈಕೈ ನೋವು. ಆದರೆ ಬಸುರಿದ್ದಾಗ ಮೊದಲ ಸಲ ತಗಲಿದರೆ ಅದು ಗರ್ಭದಲ್ಲಿರುವ ಮಗುವನ್ನು ಮುಟ್ಟಬಹುದು. ಗರ್ಭಪಾತವಾಗಬಹುದು, ಮಗುವಿನ ತಲೆಯಲ್ಲಿ ನೀರು ತುಂಬಬಹುದು, ಕಣ್ಣಿನ ಒಳಪೊರೆಗೆ ಗಾಯವಾಗಿ ಮುಂದೆ ದೃಷ್ಟಿ ಕೆಡಬಹುದು. ಆದ್ದರಿಂದಲೇ ಆ ಕಸಬರಿಗೆಯ ಮಾತು.

ಹಾಗೆಂದು ಬಸುರಿ ಮಗಳು ಬಂದಳೆಂದು ಬೆಕ್ಕನ್ನು ಗೋಣಿಚೀಲದಲ್ಲಿ ತುಂಬಿ ಊರ ಹೊರಗೆ ಬಿಟ್ಟು ಬರಬೇಡಿ. ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ಈ ರೋಗ ಬರುವುದಿಲ್ಲ. ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈಗೆ ಮೆತ್ತಿದ ಮಣ್ಣು ಇವುಗಳಿಂದಲೂ ಬರುತ್ತದೆ. ಮನೆಯಲ್ಲಿ ಬೇರೊಬ್ಬರು ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಧೂಳೇಳದಂತೆ ನೀರು ಚಿಮುಕಿಸಿ, ಮಲವನ್ನು ತೆಗೆದು ಆಳವಾಗಿ ಹೂಳಲಿ. ಆ ಜಾಗಕ್ಕೆ ಕುದಿಯುವ ನೀರು ಸುರಿಯಲಿ. ಫಿನಾಯಿಲ್ ಹಾಕಿದರೆ ವಾಸನೆ ಹೋಗುತ್ತದೆ, ಈ ಕೋಶಗಳು ಸಾಯುವುದಿಲ್ಲ. ಬಚ್ಚಲ ಒಲೆಯ ಬೂದಿಯಿಂದ ಪಾತ್ರೆ ತಿಕ್ಕುವ ರೂಢಿ ಇನ್ನೂ ಇರುವ ಮನೆಗಳಲ್ಲಿ, ಬೆಕ್ಕು ಕೆದರಿದ ಬೂದಿಯನ್ನು ಪೂರ್ತಿಯಾಗಿ ಹೊರಗೆ ಚೆಲ್ಲಿ. ಮನೆ ಕಟ್ಟಲು ಹಾಕಿಸಿದ ಉಸುಕಿನ ರಾಶಿಯೂ ಬೆಕ್ಕಿಗೆ ಪಾಯಿಖಾನೆಯೇ. ಅದರ ಮೇಲೆ ತಾಡಪತ್ರಿ ಹೊದಿಸಿ, ಅಲ್ಲಿ ಆಡುವ ಮಕ್ಕಳಿಗೆ ಸಾಬೂನಿನಿಂದ ಕೈ ತೊಳೆಯುವುದನ್ನು ಕಲಿಸಿ.

ಖಾಲಿ ಮನೆಯ ಚಿಗಟ

ಊರಿಂದ ಬಂದ ರಾತ್ರಿ ಮನೆಮಂದಿಯೆಲ್ಲ ಕಾಲು ತುರಿಸಿಕೊಳ್ಳುತ್ತ ಕುಳಿತ ಅನುಭವ ನಿಮಗಿರಬಹುದು. ಬೆಕ್ಕಿನ ಮೈಯಿಂದ ಉದುರಿದ ಚಿಗಟದ ತತ್ತಿಗಳು ಕೌದಿಯ ಮಡಿಕೆಗಳಲ್ಲಿ, ನೆಲದ ಬಿರುಕುಗಳಲ್ಲಿ ಬೆಳೆದು ಗೂಡು ಕಟ್ಟಿಕೊಳ್ಳುತ್ತವೆ. ಗೂಡಿನೊಳಗಿನ ಚಿಗಟ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನೆ ಕಾಯಬಲ್ಲದು. ಮನುಷ್ಯರ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಗಾಳಿ ತಾಗಿದ ಕೂಡಲೇ ಒಮ್ಮೆಲೇ ಹೊರಬರುತ್ತದೆ. ಆದ್ದರಿಂದ ಊರಿಂದ ಬಂದ ದಿನ ಹಾಸಿಗೆ ಬಿಡಿಸುವ ಮೊದಲು ಮೂಲೆಮೂಲೆ ಗುಡಿಸಿ, ಕಸವನ್ನು ದೂರ ಚೆಲ್ಲಿ. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಕೌದಿಗಳನ್ನು ಒಳ್ಳೆಯ ಬಿಸಿಲಿಗೆ ಹಾಕಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು. ಬೆಕ್ಕಿನ ಜೊಲ್ಲು ಮತ್ತು ಮೈಯ ಹೊಟ್ಟಿನಲ್ಲಿರುವ ಅಂಶ ಬಟ್ಟೆಗೆ ಅಂಟಿಕೊಂಡು ಬಹುಕಾಲ ಉಳಿಯುತ್ತದೆ, ಉಬ್ಬಸವನ್ನು ಕೆರಳಿಸುತ್ತದೆ.

ಇನ್ನೊಂದು ಎಚ್ಚರಿಕೆ. ನಾಯಿಗೆ ತಂದ ಚಿಗಟದ ಔಷಧವನ್ನು ಬೆಕ್ಕಿಗೆ ಹಚ್ಚಬೇಡಿ. ಅಂಥ ಕೆಲವು ಔಷಧಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ.

ಪರಚಿದರೆ ಸುಣ್ಣವಲ್ಲ, ಸಾಬೂನು

ಮರಿ ಹಾಕಿದ ಬೆಕ್ಕು ಎಷ್ಟೇ ಸಾಧುವಾಗಿದ್ದರೂ ಕೌದಿಯ ಗಂಟಿಗೆ ಕೈ ಹಾಕಿದ ಮಗುವನ್ನು ಪರಚಬಹುದು, ಕಚ್ಚಬಹುದು. ನೀವು ಊರಲ್ಲಿಲ್ಲದ ಎಂಟು ದಿನ ಅದು ಎಲ್ಲೆಲ್ಲಿ ತಿರುಗಿತು, ಯಾವ ನಾಯಿ ಅದನ್ನು ಕಚ್ಚಿತು ಎಂಬುದನ್ನು ಹೇಳುವವರಿಲ್ಲ. ಹುಚ್ಚುನಾಯಿ ರೋಗ ನಾಯಿಗಷ್ಟೇ ಸೀಮಿತವಲ್ಲ. ಬೆಕ್ಕಿಗೆ ಅದು ನಾಯಿಯಿಂದ ಬರಬಹುದು, ಬೆಕ್ಕಿನಿಂದ ನಮಗೆ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.

ಕಚ್ಚಿದ ಅಥವಾ ಪರಚಿದ ಜಾಗವನ್ನು ತಕ್ಷಣ ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ನಲ್ಲಿಯ ನೀರಿಗೆ ದಿನಗಟ್ಟಲೆ ಕಾಯುವ ಊರು ನಮ್ಮದು. ನಲ್ಲಿ ಬಾರದಿದ್ದರೆ ಕೊಡದ ನೀರನ್ನು ತಂಬಿಗೆಯಿಂದ ಬಿಡದೆ ಸುರಿಯಿರಿ. ಈ ಒಂದು ಕೆಲಸಕ್ಕೆ ನೀರಿನ ಲೆಕ್ಕ ನೋಡಬೇಡಿ. ಸುಣ್ಣ, ಖಾರದ ಪುಡಿ, ಅರಿಷಿಣ, ಕಾಫಿಪುಡಿ ಏನನ್ನೂ ಮೆತ್ತಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಉಳಿದಿದೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರ ಕೊನೆಗೇ ನಿಂತಿತು. ಈಗಿನದು ತೋಳಿನ ಚರ್ಮಕ್ಕೆ ಕೊಡುವ ಸಣ್ಣ ಸೂಜಿ. ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ಬೆಕ್ಕಿನ ಮೇಲೆ ಹತ್ತು ದಿನ ಕಣ್ಣಿಡಬೇಕು ನಿಜ. ಆದರೆ ಹತ್ತು ದಿನ ನೋಡಿ ಆಮೇಲೆ ಲಸಿಕೆ ಹಾಕಿಸೋಣ ಎಂದು ಕಾಯುವುದು ಪ್ರಾಣಕ್ಕೆ ಸಂಚಕಾರ. ಲಸಿಕೆ ಶುರುವಾಗಲಿ, ಬೆಕ್ಕು ಹತ್ತು ದಿನವೂ ಆರೋಗ್ಯವಾಗಿದ್ದರೆ ಮುಂದಿನದನ್ನು ವೈದ್ಯರು ತೀರ್ಮಾನಿಸುತ್ತಾರೆ.

ಬೆಕ್ಕಿನ ಹಲ್ಲು ಸೂಜಿಯಂತೆ ಚೂಪು. ಮೇಲೆ ಚುಕ್ಕೆಯಷ್ಟೇ ಕಂಡರೂ ಗಾಯ ಆಳವಾಗಿ, ಮರುದಿನವೇ ಬಾತು ಕೀವಾಗಬಹುದು. ಮರಿ ಪರಚಿದ ಒಂದೆರಡು ವಾರಕ್ಕೆ ಮಗುವಿನ ಕಂಕುಳಲ್ಲೋ ಕುತ್ತಿಗೆಯಲ್ಲೋ ಗಡ್ಡೆ ಕಾಣಿಸಿಕೊಂಡರೆ, ಬೆಕ್ಕಿನ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಒಂದು ಬಟ್ಟಲು ಹಾಲು ಸಾಲದು

ಊರಿಗೆ ಹೋಗುವಾಗ ಒಂದು ಬಟ್ಟಲು ಹಾಲಿಟ್ಟು ಹೋದರೆ ಧರ್ಮ ಮುಗಿಯಿತೆಂದು ತಿಳಿಯುತ್ತೇವೆ. ನಮ್ಮ ಬೇಸಿಗೆಯಲ್ಲಿ ಆ ಹಾಲು ಸಂಜೆಯೊಳಗೆ ಒಡೆದಿರುತ್ತದೆ. ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವೂ ಆಗುವುದಿಲ್ಲ, ಭೇದಿಯಾಗುತ್ತದೆ. ಅದಕ್ಕೆ ಬೇಕಾದುದು ನೀರು. ಕೆಲವು ದಿನ ಉಪವಾಸ ಬಿದ್ದ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯವಾಗಬಹುದು. ಬಂದ ಮೇಲೆ ಮಂಕಾಗಿ ಕುಳಿತಿದೆಯೆಂದು ನಿಮ್ಮ ಜ್ವರದ ಮಾತ್ರೆಯ ಚೂರನ್ನು ಹಾಕಬೇಡಿ, ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಗಂಡುಬೆಕ್ಕು ಮೂತ್ರಕ್ಕೆ ಮುಕ್ಕರಿಯುತ್ತಿದ್ದರೆ ಅದನ್ನು ಚೇಷ್ಟೆ ಎನ್ನಬೇಡಿ. ಮೂತ್ರ ಕಟ್ಟಿರಬಹುದು, ಅದೇ ದಿನ ಪಶುವೈದ್ಯರಿಗೆ ತೋರಿಸಿ. ಹೊರಡುವ ಮುನ್ನ ಇಲಿ ಪಾಷಾಣ ಇಟ್ಟು ಹೋಗುವ ಪದ್ಧತಿಯಂತೂ ಬೇಡವೇ ಬೇಡ. ವಿಷ ತಿಂದ ಇಲಿಯನ್ನು ತಿನ್ನುವುದು ನಿಮ್ಮ ಬೆಕ್ಕೇ.

ಗುಳೆ ಹೋಗುವವರ ಬೆಕ್ಕು

ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿ ಮತ್ತು ತಾಂಡಾಗಳಿಂದ ಗೋವಾ, ಮಂಗಳೂರು ಕಡೆಗೆ ಗುಳೆ ಹೋಗುವವರಿದ್ದಾರೆ. ಅವರ ಪಯಣ ಎಂಟು ದಿನದ್ದಲ್ಲ, ತಿಂಗಳುಗಟ್ಟಲೆಯದು. ಮನೆಯಲ್ಲಿ ಉಳಿಯುವವರು ಮುದುಕ ಮುದುಕಿಯರು ಮತ್ತು ಬೆಕ್ಕು. ಹೊಟ್ಟೆಪಾಡಿಗೆ ಹೋಗುವವರಿಗೆ ಬೆಕ್ಕಿನ ಬಗ್ಗೆ ಉಪದೇಶ ಮಾಡುವುದು ಸರಿಯಲ್ಲ. ಆದರೆ ಆ ಓಣಿಯಲ್ಲಿ ಉಳಿದವರು ನಾವಿದ್ದೇವಲ್ಲ? ಹೊತ್ತಿಗೊಂದು ತುತ್ತು ಹಾಕುವುದು, ಅಜ್ಜಿಗೆ ಬೆಕ್ಕು ಪರಚಿದರೆ ಆಸ್ಪತ್ರೆಗೆ ಕರೆದೊಯ್ಯುವುದು ನೆರೆಯವರ ಕೆಲಸ. ಪ್ರತಿ ವರ್ಷ ಸೆಪ್ಟೆಂಬರ್ 28ರ ರೇಬೀಸ್ ದಿನಕ್ಕೆ ನಾಯಿಗಳಿಗೆ ಲಸಿಕೆ ಹಾಕುವ ಮಾತು ಕೇಳುತ್ತೇವೆ. ಬೆಕ್ಕುಗಳನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ ಎಂದು ಗ್ರಾಮ ಪಂಚಾಯತಿಗಳು ಡಂಗುರ ಸಾರಿದರೆ ಖರ್ಚೇನೂ ದೊಡ್ಡದಲ್ಲ.

ಆ ಐದು ನಿಮಿಷ

ಇನ್ನು ಹೊರಡುವ ಮುನ್ನ ಮಾಡಬೇಕಾದುದು. ನಂಬಿಕೆಯ ನೆರೆಮನೆಯವರಿಗೆ ಒಂದು ಕೀಲಿಕೈ ಕೊಡಿ, ದಿನಕ್ಕೊಮ್ಮೆ ಬಂದು ಅನ್ನ ನೀರು ಇಟ್ಟು, ಮಲ ತೆಗೆಯಲು ಹೇಳಿ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸಕ್ಕೆ ಬೇರೆ ಮನೆಯನ್ನು ಕೇಳಿ. ಮೂಲೆಯಲ್ಲೊಂದು ಬುಟ್ಟಿ ಉಸುಕು ಇಡಿ. ನೀರಿನ ಡ್ರಮ್ಮು, ಹಿಟ್ಟಿನ ಡಬ್ಬಿಗಳ ಮುಚ್ಚಳ ಭದ್ರಪಡಿಸಿ. ದೇವರ ಮುಂದಿನ ದೀಪ ಆರಿಸಿ, ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ. ಕೌದಿಗಳನ್ನು ಟ್ರಂಕಿನಲ್ಲಿ ಇಡಿ, ಮಗ್ಗದ ಮೇಲೆ ಬಟ್ಟೆ ಹೊದಿಸಿ. ವರ್ಷಕ್ಕೊಮ್ಮೆ ಬೆಕ್ಕಿಗೆ ರೇಬೀಸ್ ಲಸಿಕೆ ಹಾಕಿಸಿ. ಮೇಲಿಂದ ಮೇಲೆ ಮರಿ ಹಾಕುವುದು ಬೇಡವಾದರೆ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನು ಕೇಳಿ. ಬಂದ ಮೇಲೆ, ಬೆಕ್ಕು ಬಾಯಿ ಹಾಕಿದ ಆಹಾರವನ್ನು ಕುದಿಸಿ ಉಳಿಸಿಕೊಳ್ಳಲು ಹೋಗದೆ ಚೆಲ್ಲಿಬಿಡಿ.

ಇಷ್ಟಕ್ಕೆ ಬಹಳ ಹೊತ್ತು ಬೇಕಿಲ್ಲ. ಮುಂದಿನ ಸಲ ನೀವು ಹೊರಟಾಗ ಬೆಕ್ಕು ಅಡ್ಡ ಬಂದರೆ ಹೇಗೂ ತಿರುಗಿ ಒಳಗೆ ಬರುತ್ತೀರಿ. ಸುಮ್ಮನೆ ಕೂಡುವ ಬದಲು ಮನೆಯನ್ನೊಮ್ಮೆ ಸುತ್ತಿ ಇವನ್ನೆಲ್ಲ ನೋಡಿಕೊಂಡು, ನೆರೆಮನೆಗೆ ಕೀಲಿಕೈ ಕೊಟ್ಟು ಹೊರಡಿ.