ಕೆಟ್ಟ ಭಾಷೆ ಯಾವುದು?



ಇತ್ತೀಚೆಗೆ ನಾಪೋಕ್ಲಿನ ಒಂದು ಮದುವೆಯ ಊಟದಲ್ಲಿ ಪಕ್ಕದಲ್ಲಿ ಕುಳಿತಿದ್ದ ವಿದ್ಯಾವಂತರೊಬ್ಬರು ನನ್ನನ್ನು ಕೇಳಿದರು: "ಮೇಷ್ಟ್ರೇ, ಕೊಡವ ತಕ್ಕ್ ಎಂಬುದೂ ಒಂದು ಭಾಷೆಯೇ? ಕನ್ನಡ ಕೆಟ್ಟು, ಅದಕ್ಕಿಷ್ಟು ಮಲಯಾಳ ಬೆರೆತು ಆದದ್ದಲ್ಲವೆ?" ಸುತ್ತ ಕುಳಿತಿದ್ದವರೆಲ್ಲ ಅದೇ ತಕ್ಕ್ ಆಡುತ್ತ ಬೆಳೆದವರು. ಒಬ್ಬರೂ ಎದುರಾಡಲಿಲ್ಲ, ನಕ್ಕು ತಲೆಯಾಡಿಸಿದರು. ಆ ನಗು ನನ್ನನ್ನು ನೋಯಿಸಿತು. ಅಂದು ಹೇಳದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರವು ಅವರ ಎಲೆಯಲ್ಲಿಯೇ ಇತ್ತು. ನಾವು ಪಂದಿ ಎನ್ನುತ್ತೇವೆ, ಇಂದಿನ ಕನ್ನಡವು ಹಂದಿ ಎನ್ನುತ್ತದೆ. ನಮ್ಮದು ಪುತ್ತರಿ, ಕನ್ನಡದಲ್ಲಿ ಹುತ್ತರಿ. ನಮ್ಮ ಪಾಲ್ ಕನ್ನಡದಲ್ಲಿ ಹಾಲು. ಆದರೆ ಪಂಪನ ಕಾಲದ ಕನ್ನಡದಲ್ಲಿಯೂ ಅದು ಪಾಲ್ ಆಗಿಯೇ ಇತ್ತು. ಹತ್ತನೆಯ ಶತಮಾನದ ಸುಮಾರಿನಿಂದ ಕೆಲವು ಶತಮಾನಗಳ ಅವಧಿಯಲ್ಲಿ ಕನ್ನಡದ ಪದಾದಿಯ ಪಕಾರವು ಹಕಾರವಾಯಿತು. ಮೂಲದಿಂದ ಸರಿಯುವುದೇ ಕೆಡುವುದಾದರೆ, ಈ ಮಾತುಗಳಲ್ಲಿ ಕೆಟ್ಟ ಭಾಷೆ ಯಾವುದು? ಕನ್ನಡವೆಂದು ನಾನೆಂದಿಗೂ ಹೇಳಲಾರೆ. ಜೀವಮಾನವೆಲ್ಲ ಅದನ್ನು ಕಲಿಸಿ ಅನ್ನ ಉಂಡವನು ನಾನು. ಅಳತೆಗೋಲೇ ತಪ್ಪು ಎಂಬುದಷ್ಟೇ ನನ್ನ ವಾದ.

ಲ್ಯಾಟಿನ್ನಿನ ಕಥೆಯನ್ನು ನೋಡಿ. ರೋಮನ್ ಸಾಮ್ರಾಜ್ಯದ ಪತನಾನಂತರ ಆ ಭಾಷೆ ಒಂದು ದಿನ ಸತ್ತು, ಮರುದಿನ ಇಟಾಲಿಯನ್ನೂ ಫ್ರೆಂಚೂ ಹುಟ್ಟಲಿಲ್ಲ. ಪ್ರತಿಯೊಂದು ಪೀಳಿಗೆಯೂ ತಾನು ತಾಯಿಯ ಭಾಷೆಯನ್ನೇ ಆಡುತ್ತಿದ್ದೇನೆಂದು ನಂಬಿತ್ತು. 813ರಲ್ಲಿ ಟೂರ್ಸ್ ನಗರದಲ್ಲಿ ಸೇರಿದ ಧರ್ಮಸಭೆಯು, ಉಪದೇಶಗಳನ್ನು ಜನರಾಡುವ ಹಳ್ಳಿಗಾಡಿನ ನುಡಿಗೆ ತಿರುಗಿಸಿ ಹೇಳಬೇಕೆಂದು ವಿಧಿಸಿತು. ಅಷ್ಟು ಹೊತ್ತಿಗೆ ಪುಸ್ತಕದ ಲ್ಯಾಟಿನ್ ಜನರ ಕಿವಿಗೆ ಅಪರಿಚಿತವಾಗಿತ್ತು. ನಮ್ಮ ಪಕಾರದಂತೆ, ಅನೇಕ ಪದಗಳ ಆದಿಯಲ್ಲಿದ್ದ ಲ್ಯಾಟಿನ್ನಿನ ಫಕಾರವು ಸ್ಪೇನಿನಲ್ಲಿ ಹಕಾರವಾಯಿತು. ಹಿಟ್ಟಿಗಿದ್ದ 'ಫರೀನಾ' ಎಂಬ ಪದವು 'ಹರೀನಾ' ಆಗಿ, ಮುಂದೆ ಆ ಹಕಾರದ ಉಚ್ಚಾರವೂ ಅಳಿಯಿತು.

ಆ ಕಾಲದ ಒಬ್ಬ ಉಪಾಧ್ಯಾಯನಾರೋ ಇನ್ನೂರಕ್ಕೂ ಹೆಚ್ಚು ತಪ್ಪುಗಳ ಪಟ್ಟಿಯೊಂದನ್ನು ಬರೆದಿಟ್ಟಿದ್ದಾನೆ. ಅದು 'ಪ್ರೋಬಸನ ಅನುಬಂಧ' ಎಂದು ಪ್ರಸಿದ್ಧ. ಕಿವಿಗೆ 'ಔರಿಸ್' ಎನ್ನಬೇಕು, 'ಓರಿಕ್ಲ' ಎನ್ನಕೂಡದು ಎಂಬುದು ಅವನ ಶಾಸನ. ಆದರೆ ಇಟಾಲಿಯನ್ನಿನ 'ಒರೆಕ್ಕಿಯೊ' ಬಂದದ್ದು ಆ ತಪ್ಪು ರೂಪದ ಸಾಲಿನಿಂದಲೇ. ಮೇಷ್ಟರು ತಿದ್ದಿದ ತಪ್ಪುಗಳೇ ಮುಂದಿನ ಭಾಷೆಗಳಾದವು!

ಆ ಉಪಾಧ್ಯಾಯನನ್ನು ಕಂಡು ನಗುವ ಹಕ್ಕು ನನಗಿಲ್ಲ. ಬಹಳ ವರ್ಷಗಳ ಹಿಂದೆ ಹುಡುಗನೊಬ್ಬ ಪ್ರಬಂಧದಲ್ಲಿ 'ಪಾಲು ಕುಡಿದು ಶಾಲೆಗೆ ಬಂದೆ' ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಗೀರಿ, ತರಗತಿಯೆದುರು, "ನಿನ್ನ ಹರಕು ಭಾಷೆಯನ್ನು ಮನೆಯಲ್ಲಿಟ್ಟು ಬಾ" ಎಂದೆ. ಅದೇ ವಾರ ಹಳಗನ್ನಡ ಪದ್ಯವೊಂದಕ್ಕೆ ಅರ್ಥ ಹೇಳುತ್ತ, 'ಪಾಲ್ ಎಂದರೆ ಹಾಲು' ಎಂದು ಹಲಗೆಯ ಮೇಲೆ ಬರೆದೆ. ಆ ಹುಡುಗ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದ. ಅವನ ಮನೆಯ ಭಾಷೆಯೇ ನನ್ನ ಮನೆಯ ಭಾಷೆಯೂ ಆಗಿತ್ತು. ಆ ನೋಟವನ್ನು ಇಂದಿಗೂ ಮರೆತಿಲ್ಲ.

ಹಾಗಾದರೆ ಕನ್ನಡ ಪರೀಕ್ಷೆಯಲ್ಲಿ 'ಪಾಲು' ಎಂದು ಬರೆದರೆ ಅಂಕ ಕೊಡಬೇಕೆ ಎಂದು ಕೇಳುವಿರಿ. ಬೇಡ, ತಿದ್ದಿ. ಕನ್ನಡವನ್ನು ಕನ್ನಡವಾಗಿಯೇ ಕಲಿಸಿ. ಆದರೆ ಇದು ಎರಡು ಭಾಷೆಗಳ ಭೇದವೆಂದು ಹೇಳಿ ತಿದ್ದಿ. ಒಂದು ಭಾಷೆಯ ಕೊಳೆಯೆಂದು ಹೇಳಬೇಡಿ.

ಕೊಡವ ತಕ್ಕ್ ಕನ್ನಡದ ಮಗಳಲ್ಲ, ಸೋದರಿ. ಭಾಷಾಶಾಸ್ತ್ರಜ್ಞರು ಅದನ್ನು ದಕ್ಷಿಣ ದ್ರಾವಿಡ ಶಾಖೆಯಲ್ಲಿ ಕನ್ನಡಕ್ಕಿಂತ ತಮಿಳು-ಮಲಯಾಳಗಳಿಗೆ ಹತ್ತಿರವಿಡುತ್ತಾರೆ. ಅದೂ ಬದಲಾಗದೆ ನಿಂತಿಲ್ಲ. ಕನ್ನಡ ಲಿಪಿಗೆ ಸಿಗದ ಸ್ವರಗಳನ್ನು ತಾನಾಗಿಯೇ ಬೆಳೆಸಿಕೊಂಡಿದೆ. ಎಮೆನೋ ಅವರಂತಹ ವಿದ್ವಾಂಸರು ಆ ಸ್ವರಗಳ ಮೇಲೆಯೇ ಲೇಖನ ಬರೆದರು. ಹರದಾಸ ಅಪ್ಪಚ್ಚ ಕವಿಗಳು ಅದರಲ್ಲಿ ನಾಟಕಗಳನ್ನು ರಚಿಸಿದರು. ನಡಿಕೇರಿಯಂಡ ಚಿಣ್ಣಪ್ಪನವರ 'ಪಟ್ಟೋಲೆ ಪಳಮೆ' 1924ರಲ್ಲಿ ಕನ್ನಡ ಲಿಪಿಯಲ್ಲಿಯೇ ಅಚ್ಚಾಯಿತು. ಅಕ್ಕನ ಉಡುಗೆಯನ್ನು ತಂಗಿ ತೊಟ್ಟರೆ ಆಕೆ ಅಕ್ಕನ ಮಗಳಾಗುವಳೆ?

ಬದಲಾವಣೆಯಿಂದ ಭಾಷೆ ಸಾಯುವುದಿಲ್ಲ. ಮಕ್ಕಳಿಗೆ ದಾಟದಿದ್ದರೆ ಸಾಯುತ್ತದೆ. ಲ್ಯಾಟಿನ್ ಸಾವಿರ ತಪ್ಪುಗಳೊಡನೆ ತಾಯಂದಿರ ಬಾಯಿಂದ ಮಕ್ಕಳಿಗೆ ದಾಟಿತು, ಆದುದರಿಂದ ಹಲವಾಗಿ ಬದುಕಿತು. ನಮ್ಮಲ್ಲಿ 2001ರ ಜನಗಣತಿಯಲ್ಲಿ ಕೊಡವ ತಕ್ಕನ್ನು ಮಾತೃಭಾಷೆಯೆಂದು ಬರೆಸಿದವರು 1,66,187 ಮಂದಿ, 2011ರಲ್ಲಿ 1,13,857. ಈ ಇಳಿಕೆಯಲ್ಲಿ ಬೇರೆ ಕಾರಣಗಳೂ ಇರಬಹುದು. ಆದರೆ ಮದುವೆಯೂಟದ ಆ ನಗುವೂ ಒಂದು ಕಾರಣವೆಂದೇ ನನ್ನ ನಂಬಿಕೆ. ತನ್ನದು ಕೆಟ್ಟ ಭಾಷೆಯೆಂದು ನಂಬಿದವನು ಅದನ್ನು ಮಗುವಿಗೆ ಕೊಡುವುದಾದರೂ ಹೇಗೆ?

ಬೆಂಗಳೂರಿನಲ್ಲಿ, ಹೊರದೇಶಗಳಲ್ಲಿ ನೆಲೆಸಿರುವ ನನ್ನ ಶಿಷ್ಯರೇ, ಮಕ್ಕಳೊಡನೆ ಮನೆಯ ಭಾಷೆಯನ್ನಾಡಿ. ಅದು ಕೊಡವ ತಕ್ಕ್ ಆಗಿರಲಿ, ಅರೆಭಾಷೆಯಾಗಿರಲಿ, ತುಳುವಾಗಿರಲಿ. ಅವರು ತಪ್ಪಾಗಿ ಆಡಿದರೂ ನಗಬೇಡಿ. ಆ ಹುಡುಗನು ಇದನ್ನು ಓದುತ್ತಿದ್ದರೆ, ಅವನಲ್ಲಿ ಒಂದು ಮಾತು: ಅಪ್ಪಾ, ಅಂದು ಹರಕಾಗಿದ್ದುದು ನಿನ್ನ ಭಾಷೆಯಲ್ಲ, ನಿನ್ನ ಮೇಷ್ಟ್ರ ತಿಳಿವಳಿಕೆ.