ಗ್ರಿಡ್ ಹೋದಾಗ ರಿಲೇ ಏನು ಮಾಡಬೇಕು?

ಒಂದು ಕಾಲೇಜು ಕ್ಯಾಂಪಸ್ ಎಂದುಕೊಳ್ಳಿ. 415 ವೋಲ್ಟಿನ ಲೈನು, 200 ಕೆವಿಎ ಬ್ಯಾಟರಿ ಇನ್ವರ್ಟರು, ಫೀಡರಿನಲ್ಲಿ 400 ಆಂಪಿಯರಿಗೆ ಸೆಟ್ ಮಾಡಿದ ಓವರ್‌ಕರೆಂಟ್ ರಿಲೇ. ಗ್ರಿಡ್ ಇರುವಾಗ ಕೇಬಲ್ ಶಾರ್ಟ್ ಆಗಿ 4000 ಆಂಪಿಯರ್ ಹರಿದರೆ, ಐಇಸಿಯ ಮಾಮೂಲಿ ಇನ್ವರ್ಸ್ ಕರ್ವಿನಲ್ಲಿ, ಟೈಮ್ ಮಲ್ಟಿಪ್ಲಯರ್ 0.1 ಇದ್ದಾಗ, ರಿಲೇ 0.3 ಸೆಕೆಂಡಿನಲ್ಲಿ ಟ್ರಿಪ್ ಕೊಡುತ್ತದೆ. ಗ್ರಿಡ್ ಹೋಯಿತೆನ್ನಿ. ಇನ್ವರ್ಟರಿನ ಪೂರ್ಣ ಕರೆಂಟೇ 278 ಆಂಪಿಯರ್. ಒಳಗಿನ ಸೆಮಿಕಂಡಕ್ಟರ್ ಸುಡದಿರಲೆಂದು ಅದು 1.2 ಪಟ್ಟಿಗೆ, ಅಂದರೆ 334 ಆಂಪಿಯರಿಗೆ ನಿಂತುಬಿಡುತ್ತದೆ. ಅದೇ ಕೇಬಲ್, ಅದೇ ಶಾರ್ಟ್. ರಿಲೇಯ ಪಾಲಿಗೆ ಮಾತ್ರ ಏನೂ ಆಗಿಲ್ಲ.

ಹಾಗಾಗಿ ಗ್ರಿಡ್ ಇದ್ದಾಗ ಒಂದು ಸೆಟ್ಟಿಂಗ್, ಇಲ್ಲದಾಗ ಇನ್ನೊಂದು ಎನ್ನುತ್ತಾರೆ ಅಡಾಪ್ಟಿವ್ ರಕ್ಷಣೆಯ ಪರದವರು. ಮಾತು ಸರಿಯಾಗಿಯೇ ಇದೆ. ಈಗಿನ ನ್ಯೂಮೆರಿಕಲ್ ರಿಲೇಗಳಲ್ಲಿ ಒಂದಕ್ಕಿಂತ ಹೆಚ್ಚು ಸೆಟ್ಟಿಂಗ್ ಗ್ರೂಪುಗಳು ಹೇಗೂ ಇರುತ್ತವೆ. ಹೊಸ ಪೆಟ್ಟಿಗೆ ಕೊಳ್ಳಬೇಕಿಲ್ಲ. ಜೊತೆಗೆ ಡೀಸೆಲ್ ಜನರೇಟರ್ ಇದ್ದರಂತೂ ಅದು ಶಾರ್ಟಿಗೆ ತನ್ನ ರೇಟಿಂಗಿನ ಹಲವು ಪಟ್ಟು ಕರೆಂಟು ಕೊಡಬಲ್ಲದು. ಅಂಥ ಕಡೆ ಸೆಟ್ಟಿಂಗ್ ಇಳಿಸಿದ್ದು ಸಾರ್ಥಕ.

ಬರೀ ಇನ್ವರ್ಟರಿನ ಮೇಲೆ ನಡೆಯುವಾಗ ಲೆಕ್ಕ ಬೇರೆ. 278 ಆಂಪಿಯರ್ ಲೋಡನ್ನು ತಡೆಯದೆ 334 ಅನ್ನು ಹಿಡಿಯಬೇಕು. ಸೆಟ್ಟಿಂಗ್ 300ಕ್ಕೆ ಇಳಿಸಿದರೂ ಅದೇ ಕರ್ವಿನಲ್ಲಿ ಆರೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಇನ್ವರ್ಟರ್ ತಾನೇ ಆಫ್ ಆಗಿ ಇಡೀ ಕ್ಯಾಂಪಸ್ ಕತ್ತಲಾಗಿರುತ್ತದೆ. ಸೆಟ್ಟಿಂಗ್ ಬದಲಿಸಬಹುದು, ಇಲ್ಲದ ಕರೆಂಟನ್ನು ತರಲಾಗದು. ಶಾರ್ಟ್ ಆದಾಗ ಕುಸಿಯುವುದು ವೋಲ್ಟೇಜು, ನೋಡಬೇಕಾದ್ದು ಅದನ್ನು. ಆದರೆ ಈ ಕ್ಯಾಂಪಸ್ಸಿನಷ್ಟು ಚಿಕ್ಕ ಜಾಲದಲ್ಲಿ ವೋಲ್ಟೇಜು ಎಲ್ಲ ಕಡೆ ಒಟ್ಟಿಗೇ ಕುಸಿಯುವುದರಿಂದ ಯಾವ ಫೀಡರಿನದು ತಪ್ಪು ಎಂದು ಅದರಿಂದಷ್ಟೇ ತಿಳಿಯದು.

ಇನ್ನೊಂದು ತಕರಾರು ಸಂಪರ್ಕದ್ದು. ಎಲ್ಲ ರಿಲೇಗಳಿಗೂ ನಡುವಿನ ಕಂಟ್ರೋಲರ್ ಒಂದೇ ಅಪ್ಪಣೆ ಕೊಡುವುದಾದರೆ, ಅದರ ಫೈಬರ್ ತುಂಡಾದ ದಿನ ಅರ್ಧ ರಿಲೇಗಳು ಹಳೆಯ ಸೆಟ್ಟಿಂಗಿನಲ್ಲೇ ಉಳಿಯುತ್ತವೆ. ಗ್ರಿಡ್ ಕಳಚಿಕೊಳ್ಳುವುದೂ ಎಷ್ಟೋ ಸಲ ಫಾಲ್ಟಿನಿಂದಲೇ; ಆ ಗಡಿಬಿಡಿಯಲ್ಲೇ ಸೆಟ್ಟಿಂಗೂ ಬದಲಾಗಬೇಕು. ಮೂಲಗಳು ಹೆಚ್ಚಿದಷ್ಟೂ ಸೆಟ್ಟಿಂಗ್ ಪಟ್ಟಿ ಬೆಳೆಯುತ್ತದೆ. ಪ್ರತಿಯೊಂದನ್ನೂ ಟೆಸ್ಟ್ ಮಾಡುವವರು ಬೇಕಲ್ಲ?

ನನ್ನ ಒಲವು ಎರಡೇ ಗ್ರೂಪುಗಳ ಕಡೆಗೆ: ಮುಖ್ಯ ಬ್ರೇಕರ್ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಒಂದು ಜೊತೆ ತಂತಿ ಪ್ರತಿ ರಿಲೇಗೂ ನೇರವಾಗಿ ತಿಳಿಸಲಿ. ಜನರೇಟರ್ ಇಲ್ಲದ ಕಡೆ ಈ ಏರ್ಪಾಡಿಗೆ ಹಾಕುವ ದುಡ್ಡನ್ನು, ಕೇಬಲ್ಲಿನ ಎರಡು ತುದಿಯ ಕರೆಂಟು ಹೋಲಿಸುವ ಡಿಫರೆನ್ಷಿಯಲ್ ರಿಲೇಗೆ ಹಾಕುವುದೇ ಮೇಲು. ಅದಕ್ಕೂ ಎರಡು ತುದಿಯ ನಡುವೆ ಸಂಪರ್ಕ ಬೇಕೇ ಬೇಕು ಎಂಬುದು ನಿಜ. ಆದರೆ ಅಲ್ಲಿ ಒಂದು ತಂತಿ ತುಂಡಾದರೆ ಕುರುಡಾಗುವುದು ಒಂದೇ ಕೇಬಲ್ಲಿನ ಕಾವಲು.